ಹೊಳೆ ದಾಟುವ ಗಾಡಿ, ಹಳ್ಳ ದಾಟದ ವಾರಂಟಿ

ವಾರಂಟಿ ಪುಸ್ತಿಕೆಯನ್ನು ಯಾರೂ ಓದಲ್ಲ ಅನ್ನೋ ಮಾತು ಪೂರ್ತಿ ನಿಜವಲ್ಲ. ಗಾಡಿ ಕೆಟ್ಟ ಮಾರನೇ ದಿನ ಎಲ್ಲರೂ ಓದ್ತಾರೆ. ಅಲ್ಲಿಯವರೆಗೆ ಅದು ಗ್ಲೋವ್ ಬಾಕ್ಸಿನಲ್ಲಿ ಟೋಲ್ ರಸೀದಿ, ಇನ್ಶೂರೆನ್ಸ್ ಕಾಪಿ, ಬರೆಯದ ಪೆನ್ನುಗಳ ಜೊತೆ ಮಲಗಿರುತ್ತೆ. ಯೋಚಿಸಿ ನೋಡಿ: ಆಫರ್ ಲೆಟರು, ಮನೆ ಬಾಡಿಗೆ ಕರಾರು ಬಿಟ್ಟರೆ ನಮ್ಮಂಥವರ ದುಡ್ಡನ್ನು ಇಷ್ಟು ಬಿಗಿಯಾಗಿ ಹಿಡಿದಿಟ್ಟುಕೊಂಡಿರುವ ಗದ್ಯ ಇನ್ನೊಂದಿಲ್ಲ. ಕವನ ಸಂಕಲನಕ್ಕೆ ನಾಲ್ಕು ಕಡೆ ವಿಮರ್ಶೆ ಬರುತ್ತೆ, ಇದಕ್ಕೆ ಒಂದೂ ಇಲ್ಲ. ಇರಲಿ ಅಂತ ಬರೀತಿದ್ದೇನೆ.

ನನ್ನದು ಒಂದು ಫೋರ್ ಬೈ ಫೋರ್. ಯಾವ ಕಂಪನಿ ಅನ್ನೋದು ಬೇಡ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲುವ ಇನ್ನೆರಡು ಕಂಪನಿಯ ಗಾಡಿಗಳ ಪುಸ್ತಿಕೆಗಳನ್ನೂ ಕೇಳಿ ತಗೊಂಡು ಓದಿದೆ, ಭಾಷೆ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಇದು ಒಬ್ಬ ಲೇಖಕನ ವಿಮರ್ಶೆ ಅಲ್ಲ, ಒಂದು ಪ್ರಕಾರದ ವಿಮರ್ಶೆ ಅಂದುಕೊಳ್ಳಿ.

ಈ ಪ್ರಕಾರದ ವಿಚಿತ್ರ ಏನಂದ್ರೆ, ಒಂದೇ ಕಂಪನಿ ಒಂದೇ ಗಾಡಿಯ ಬಗ್ಗೆ ಮೂರು ಪಠ್ಯ ಬರೆಯುತ್ತೆ. ಮೂರೂ ಒಂದನ್ನೊಂದು ಓದಿಕೊಂಡಿರಲ್ಲ. ಮೊದಲನೆಯದು ಜಾಹೀರಾತು. ಅದರಲ್ಲಿ ಗಾಡಿ ಹೊಳೆಗೆ ಇಳಿಯುತ್ತೆ, ಎರಡೂ ಕಡೆ ನೀರು ರೆಕ್ಕೆ ಥರ ಏಳುತ್ತೆ, ಬಂಡೆ ಹತ್ತುತ್ತೆ, ಕೊನೆಗೆ ಒಂದು ಗುಡ್ಡದ ತುದೀಲಿ ನಿಂತು ಸೂರ್ಯನನ್ನು ನೋಡುತ್ತೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಇದು ನುರಿತ ಚಾಲಕರು ನಿಯಂತ್ರಿತ ಪರಿಸರದಲ್ಲಿ ಮಾಡಿದ್ದು ಅಂತ ಇರುತ್ತೆ. ಎರಡನೆಯದು ಬಳಕೆಯ ಕೈಪಿಡಿ. ಮೂವರಲ್ಲಿ ಇದೇ ಪ್ರಾಮಾಣಿಕ ಲೇಖಕ. ನೀರಿಗೆ ಇಳಿಯೋ ಮುಂಚೆ ಆಳ ನೋಡಿಕೊಳ್ಳಿ, ನಿಧಾನಕ್ಕೆ ಹೋಗಿ, ದಾಟಿದ ಮೇಲೆ ಬ್ರೇಕ್ ಒಣಗಿಸಿ, ಆಕ್ಸಲ್ ಆಯಿಲ್ ಚೆಕ್ ಮಾಡಿಸಿ ಅಂತೆಲ್ಲ ಮನೆಯ ಹಿರಿಯರ ಥರ ಹೇಳುತ್ತೆ. ಮೂರನೆಯದು ವಾರಂಟಿ ಪುಸ್ತಿಕೆ. ಅದರ ಪ್ರಕಾರ ಈ ಗಾಡಿ ಹೊಳೆ ಕಂಡೇ ಇಲ್ಲ. ಅದು ‘ಸಾಮಾನ್ಯ ಬಳಕೆ’ಗೆ ಮಾತ್ರ. ರೇಸ್, ರ‍್ಯಾಲಿ, ಅತಿಭಾರ, ‘ದುರ್ಬಳಕೆ’ ಮತ್ತು ನೀರು ಹೊಕ್ಕು ಆದ ಹಾನಿ ಇವೆಲ್ಲ ಹೊರಗೆ.

ಇಲ್ಲಿ ವಿಮರ್ಶಕರು ನಿಲ್ಲಬೇಕಾದ ಪದ ‘ಸಾಮಾನ್ಯ’. ಪುಸ್ತಿಕೆಯ ಉದ್ದಕ್ಕೂ ನಾಲ್ಕು ಸಲ ಬರುತ್ತೆ, ಒಂದು ಸಲವೂ ವಿವರಣೆ ಇಲ್ಲ. ‘ಡೀಲರ್’ ಅಂದ್ರೆ ಯಾರು, ‘ಮಾಲೀಕ’ ಅಂದ್ರೆ ಯಾರು ಅಂತ ಮೊದಲ ಪುಟದಲ್ಲೇ ಬಿಡಿಸಿ ಹೇಳಿದವರು ಇದನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ. ಕೈಮರೆತು ಬಿಟ್ಟಿದ್ದು ಅಂತ ನನಗೆ ಅನ್ನಿಸಲ್ಲ. ಬಿಟ್ಟ ಜಾಗದಲ್ಲಿ ಬೇಕಾದ ಅರ್ಥವನ್ನು ಸರ್ವಿಸ್ ಸೆಂಟರಿನವರು ತುಂಬಿಕೊಳ್ಳಬಹುದು, ಅದೂ ಗಾಡಿ ಕೆಟ್ಟ ಮೇಲೆ.

ನನ್ನ ಕೇಸಿನಲ್ಲಿ ಆದದ್ದು ಇಷ್ಟು. ಗಾಡಿಗೆ 21 ತಿಂಗಳು, ಸುಮಾರು 23 ಸಾವಿರ ಕಿಲೋಮೀಟರ್. ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್. ಅರವತ್ತರಿಂದ ಎಂಬತ್ತರ ವೇಗದಲ್ಲಿ ಹಿಂದಿನಿಂದ ಒಂದು ಸಣ್ಣ ಕೊರಗು ಕೇಳೋಕೆ ಶುರುವಾಯ್ತು. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು. ಈ ಎರಡು ಸ್ವರದ ವಿಷಯ ಮುಖ್ಯ. ಸ್ಟೀರಿಂಗ್ ಎಡಕ್ಕೆ ಬಲಕ್ಕೆ ತಿರುಗಿಸಿದಾಗ ಶಬ್ದ ಬದಲಾದ್ರೆ ಅನುಮಾನ ವೀಲ್ ಬೇರಿಂಗ್ ಮೇಲೆ. ಕಾಲು ಒತ್ತಿ ಬಿಟ್ಟಾಗ ಬದಲಾದ್ರೆ ಡಿಫರೆನ್ಷಿಯಲ್ ಒಳಗಿನ ಕ್ರೌನ್-ಪಿನಿಯನ್ ಮೇಲೆ. ಯಾಕಂದ್ರೆ ಒತ್ತಿದಾಗ ಹಲ್ಲಿನ ಒಂದು ಮುಖ ದುಡಿಯುತ್ತೆ, ಬಿಟ್ಟಾಗ ಇನ್ನೊಂದು ಮುಖ. ಇದನ್ನೇ ಸರ್ವಿಸ್ ಅಡ್ವೈಸರ್‌ಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಸರ್ ಬಂದಿಲ್ವಾ ಮೇಡಂ?" ಅಂದರು. (ಆರ್‌ಸಿಯಲ್ಲಿ ಇರೋದು ನನ್ನ ಹೆಸರು. ಈ ‘ಸರ್’ ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.)

ಒಂದು ರೌಂಡ್ ಓಡಿಸಿಕೊಂಡು ಬಂದು ಅವರು ಕೊಟ್ಟ ತೀರ್ಪು: "ಎಲ್ಲಾ ಗಾಡೀಲೂ ಹಿಂಗೇ ಬರುತ್ತೆ ಮೇಡಂ, ಇದು ಕ್ಯಾರೆಕ್ಟರಿಸ್ಟಿಕ್ ನಾಯ್ಸ್." ಜಾಬ್ ಕಾರ್ಡಿನಲ್ಲಿ ಬರೆದದ್ದು: ಗ್ರಾಹಕರ ದೂರು, ಹಿಂದಿನಿಂದ ಶಬ್ದ. ಕೈಗೊಂಡ ಕ್ರಮ, ವಾಹನ ಪರೀಕ್ಷಿಸಲಾಗಿದೆ, ಸರಿಯಿದೆ.

ಜಾಬ್ ಕಾರ್ಡ್ ಅನ್ನೋದು ಪುಸ್ತಿಕೆಯ ತಮ್ಮ. ಅದಕ್ಕೂ ಅಣ್ಣನ ಗುಣವೇ ಬಂದಿದೆ. ‘ಪರೀಕ್ಷಿಸಲಾಗಿದೆ’ ಅನ್ನೋ ಕ್ರಿಯಾಪದ ನೋಡಿ. ಯಾರು ಪರೀಕ್ಷಿಸಿದರು? ಯಾವ ವೇಗದಲ್ಲಿ, ಯಾವ ರಸ್ತೇಲಿ? ಕನ್ನಡದಲ್ಲಿ ಮಾತಾಡೋವಾಗ ಯಾರೂ ‘ಊಟ ಮಾಡಲಾಗಿದೆ’ ಅನ್ನಲ್ಲ. ಕರ್ತೃ ಕಾಣೆಯಾಗೋದು ಸರ್ಕಾರಿ ಸುತ್ತೋಲೆಗಳಲ್ಲಿ ಮತ್ತು ಇಲ್ಲಿ. ನಾನು ಸಹಿ ಹಾಕೋ ಮುಂಚೆ, ‘ವೇಗ 60ರಿಂದ 80; ಆಕ್ಸಿಲರೇಟರ್ ಬಿಟ್ಟಾಗ ಸ್ವರ ಬದಲಾಗುತ್ತದೆ’ ಅಂತ ಸೇರಿಸಿ ಅಂದೆ. ಸಿಸ್ಟಮ್ಮಿನಲ್ಲಿ ಅದಕ್ಕೆ ಜಾಗ ಇಲ್ಲ ಅಂದರು. ನನ್ನ ಕಾಪಿಯಲ್ಲೂ ಅವರ ಕಾಪಿಯಲ್ಲೂ ಪೆನ್ನಿನಲ್ಲಿ ಬರೆದು, ದಿನಾಂಕ ಹಾಕಿ, ಫೋಟೋ ತೆಗೆದುಕೊಂಡೆ. ಇಡೀ ವ್ಯವಹಾರದಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ಆ ಕೈಬರಹದ ಒಂದೂವರೆ ಸಾಲು.

ಎರಡನೇ ಸಲ ಹೋದಾಗ, ಆಕ್ಸಲ್ ಆಯಿಲ್ ಇಳಿಸಿ ತೋರಿಸಿ ಅಂದೆ. ಇಳಿಸಿದರು. ಜೇನುತುಪ್ಪದ ಬಣ್ಣದಲ್ಲಿ ಇರಬೇಕಾದದ್ದು ಹಾಲು ಜಾಸ್ತಿಯಾದ ಕಾಫಿ ಥರ ಇತ್ತು. ಅಂದ್ರೆ ಒಳಗೆ ನೀರು ಹೋಗಿದೆ. ಕ್ರೌನ್-ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಉರುಳೋದಷ್ಟೇ ಅಲ್ಲ, ಜಾರುತ್ತವೆ ಕೂಡ. ಆ ಜಾರುವಿಕೆ ತಡೆಯೋಕೇ ವಿಶೇಷ ಆಯಿಲ್ ಹಾಕೋದು. ಅದಕ್ಕೆ ನೀರು ಬೆರೆತರೆ ಹಲ್ಲೂ ಬೇರಿಂಗೂ ಎರಡೂ ಹೋಗುತ್ತವೆ.

ಅಡ್ವೈಸರ್ ಮುಖದಲ್ಲಿ ಒಂದು ನಿರಾಳ ಕಾಣಿಸಿತು. "ಆಫ್‌ರೋಡ್ ಹೋಗಿದ್ರಾ ಮೇಡಂ?"

"ಚಿಕ್ಕಪ್ಪನ ಮನೆಗೆ ಹೋಗಿದ್ದೆ."

ಚಿಕ್ಕಪ್ಪನ ಮನೆ ಇರೋದು ಮೂಡಿಗೆರೆ ಕಡೆ. ಟಾರು ಮುಗಿದ ಮೇಲೆ ಮೂರು ಕಿಲೋಮೀಟರ್ ಮಣ್ಣುದಾರಿ, ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಅದರಲ್ಲಿ ಮೊಣಕಾಲಿಗಿಂತ ಸ್ವಲ್ಪ ಕೆಳಗೆ ನೀರು. ಚಿಕ್ಕಪ್ಪ ಮುಂದೆ ಕೋಲು ಹಿಡಿದು ನಿಂತು ಅಳತೆ ತೋರಿಸಿದ ಮೇಲೇ ನಾನು ದಾಟಿದ್ದು. ಬ್ರೋಶರಿನಲ್ಲಿ ಈ ಗಾಡಿ ಇಷ್ಟು ಮಿಲಿಮೀಟರ್ ಆಳದ ನೀರು ದಾಟುತ್ತೆ ಅಂತ ಕೊಟ್ಟಿರೋ ಅಂಕಿ ಆ ಹಳ್ಳಕ್ಕಿಂತ ಒಂದು ಗೇಣು ಜಾಸ್ತಿ ಇದೆ. ಆದರೂ ಪುಸ್ತಿಕೆಯ ಕಣ್ಣಲ್ಲಿ ನೆಂಟರ ಮನೆಗೆ ಹೋಗೋದು ದುರ್ಬಳಕೆ.

‘ಆಫ್‌ರೋಡ್’ ಅನ್ನೋ ಪದವೇ ರಸ್ತೆ ಇರೋ ಊರಿನವರದ್ದು. ಕೊಡಚಾದ್ರಿಗೆ ಜೀಪಿನಲ್ಲಿ ಹೋದವರಿಗೆ ಗೊತ್ತು, ಆ ಕಲ್ಲು ಕೊರಕಲಿನ ಮೇಲೆ ಪ್ರವಾಸಿಗರನ್ನು ಕೂರಿಸಿಕೊಂಡು ಹತ್ತಿಸೋ ಚಾಲಕರಿಗೆ ಅದು ಸಾಹಸ ಅಲ್ಲ, ದಿನಗೂಲಿ. ಕಾಫಿ ತೋಟದ ರೈಟರಿಗೆ ಮಣ್ಣುದಾರಿ ಅಂದ್ರೆ ಆಫೀಸಿಗೆ ಹೋಗೋ ದಾರಿ. ನಾವು ಬೆಂಗಳೂರಿನಿಂದ ಶನಿವಾರ ಬೆಳಗ್ಗೆ ಹೋಗಿ ಅದಕ್ಕೆ ಇಂಗ್ಲಿಷ್ ಹೆಸರು ಕೊಟ್ಟು, ಸ್ಟಿಕರ್ ಅಂಟಿಸಿಕೊಂಡು ಬರ್ತೀವಿ. ಕಂಪನಿಗಳೂ ಆ ಶನಿವಾರದ ಕಲ್ಪನೆಯನ್ನೇ ಮಾರ್ತವೆ. ಆದರೆ ವಾರಂಟಿ ಬರೆಯೋವಾಗ ಅವರಿಗೆ ನೆನಪಿರೋದು ಸೋಮವಾರದ ಔಟರ್ ರಿಂಗ್ ರೋಡ್ ಮಾತ್ರ. ಎತ್ತಿನ ಗಾಡಿ ಕಾಲದಲ್ಲಿ ನಾವು ಆಕ್ಸಲ್‌ಗೆ ಅಚ್ಚು ಅಂತಿದ್ವಿ. ಅಚ್ಚು ಮಾಡಿಕೊಟ್ಟ ಆಚಾರಿ, ‘ಹೊಲಕ್ಕೆ ಇಳಿಸಿದ್ರೆ ನನ್ನ ಜವಾಬ್ದಾರಿ ಇಲ್ಲ’ ಅಂದಿದ್ದರೆ ಊರಿನವರು ಏನನ್ನುತ್ತಿದ್ದರೋ!

ನೀರು ಒಳಗೆ ಹೋಗಿದ್ದು ಹೇಗೆ ಅನ್ನೋದು ಈ ಜಗಳದ ತಿರುಳು. ಹೈವೇ ಮೇಲೆ ಐದು ಗಂಟೆ ಓಡಿದ ಗಾಡಿಯ ಆಕ್ಸಲ್ ಹೌಸಿಂಗ್ ಚೆನ್ನಾಗಿ ಕಾದಿರುತ್ತೆ. ಒಳಗಿನ ಗಾಳಿಯೂ ಬಿಸಿಯಾಗಿ ಹಿಗ್ಗಿರುತ್ತೆ. ಅದು ಹೊರಗೆ ಹೋಗೋಕೆ ಅಂತಲೇ ಮೇಲೊಂದು ಬ್ರೀದರ್ ಇರುತ್ತೆ, ಅಂದ್ರೆ ಉಸಿರುಕೊಳವೆ. ಕಾದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತೆ, ಒತ್ತಡ ಇಳಿಯುತ್ತೆ, ಆಕ್ಸಲ್ ಉಸಿರು ಒಳಕ್ಕೆ ಎಳೆದುಕೊಳ್ಳುತ್ತೆ. ಬ್ರೀದರಿನ ಬಾಯಿ ನೀರಿಗಿಂತ ಮೇಲಿದ್ದರೆ ಗಾಳಿ ಬರುತ್ತೆ, ತೊಂದರೆ ಇಲ್ಲ. ಬಾಯಿ ಮುಚ್ಚಿಹೋಗಿದ್ದರೆ ಆಯಿಲ್ ಸೀಲಿನ ಅಂಚಿನಿಂದ ನೀರನ್ನೇ ಎಳೆದುಕೊಳ್ಳುತ್ತೆ. ಆ ಸೀಲನ್ನು ಮುಖ್ಯವಾಗಿ ಮಾಡಿರೋದು ಒಳಗಿನ ಆಯಿಲನ್ನು ತಡೆಯೋಕೆ, ಹೊರಗಿನ ಹೊಳೆಯನ್ನಲ್ಲ. ಇನ್ನು ಬ್ರೀದರಿನ ಬಾಯಿಯೇ ನೀರಿನೊಳಗೆ ಇದ್ದರೆ ಕೇಳೋದೇ ಬೇಡ, ಸ್ಟ್ರಾ ಹಾಕಿ ಕುಡಿದ ಹಾಗೆ.

ಅದಕ್ಕೇ ಇಂಥ ಗಾಡಿಗಳಲ್ಲಿ ಬ್ರೀದರಿಗೆ ಒಂದು ರಬ್ಬರ್ ಹೋಸ್ ಹಾಕಿ ಮೇಲೆ ಎಲ್ಲೋ ಚಾಸಿಗೆ ಕ್ಲಿಪ್ ಮಾಡೋದು. ಬ್ರೋಶರಿನ ಆಳದ ಅಂಕಿಗೆ ಏನಾದರೂ ಅರ್ಥ ಇದ್ದರೆ ಹೋಸಿನ ತುದಿ ಆ ಅಂಕಿಗಿಂತ ಮೇಲಿರಬೇಕು. ನಾನು ಕಂಪನಿಗೆ ಬರೆದ ಇಮೇಲಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ನೀವೇ ಹೇಳಿದ ಆಳಕ್ಕಿಂತ ಕಡಿಮೆ ನೀರಿನಲ್ಲಿ ನಿಧಾನಕ್ಕೆ ದಾಟಿದ ಗಾಡಿಯ ಆಕ್ಸಲ್ ಒಳಗೆ ನೀರು ಬಂದಿದೆ ಅಂದರೆ ತಪ್ಪಿರೋದು ಬ್ರೋಶರೋ, ಬ್ರೀದರೋ? ಮೂರನೇ ಉತ್ತರ ಇದ್ದರೆ ಬರೆದು ತಿಳಿಸಿ.

ಕಾನೂನು ಈ ಪ್ರಶ್ನೆಯನ್ನು ನಮಗಿಂತ ಚೆನ್ನಾಗಿ ಓದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ದೋಷ’ ಅನ್ನೋದರ ವ್ಯಾಖ್ಯೆ ಇದೆ. ಕಾನೂನು ಕೇಳುವ ಮಟ್ಟ, ಕರಾರು ಕೇಳುವ ಮಟ್ಟ ಇವೆರಡೇ ಅಲ್ಲ, ಮಾರಾಟಗಾರ ಯಾವುದೇ ರೀತಿಯಲ್ಲಿ ತನ್ನ ವಸ್ತುವಿನ ಬಗ್ಗೆ ಹೇಳಿಕೊಂಡ ಮಟ್ಟಕ್ಕೆ ಬಾರದಿದ್ದರೂ ಅದು ದೋಷವೇ. ಈ ‘ಯಾವುದೇ ರೀತಿಯಲ್ಲಿ’ ಅನ್ನೋದರಲ್ಲಿ ಬ್ರೋಶರೂ ಬರುತ್ತೆ ಅಂತಲೇ ನನ್ನ ಓದು. ಮೂರು ಪಠ್ಯಗಳನ್ನು ಬೇರೆ ಬೇರೆ ಇಟ್ಟು ಆಟ ಆಡೋ ಕಂಪನಿಗೆ ಕಾಯ್ದೆ, ಮೂರನ್ನೂ ಒಟ್ಟಿಗೆ ಬೈಂಡ್ ಮಾಡಿಸಿಕೊಂಡು ಬಾ ಅಂತಿದೆ. ಇದೇ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಅಂತ ಒಂದು ಹೊಸ ಅಧ್ಯಾಯವೂ ಇದೆ, ಕೇಳೋಕೆ ಭರ್ಜರಿ. ಆದರೆ ಅಲ್ಲಿ ‘ಹಾನಿ’ ಅಂದರೆ ವಸ್ತುವಿಗೇ ಆದ ಹಾನಿ ಲೆಕ್ಕಕ್ಕಿಲ್ಲ. ಆಕ್ಸಲ್ ಮುರಿದು ನಿಮ್ಮ ಕೈ ಮುರಿದರೆ ಆ ಅಧ್ಯಾಯ. ಬರೀ ಆಕ್ಸಲ್ ಮುರಿದರೆ ‘ದೋಷ’ದ ದಾರಿಯೇ ಗತಿ. ಹೊಸ ಗಾಡಿಯೇ ಬೇಕು ಅಂತ ಹಟ ಹಿಡಿಯೋರಿಗೂ ಒಂದು ಮಾತು: ವಾರಂಟಿಯಲ್ಲಿ ದೋಷವಿರುವ ಭಾಗ ಬದಲಿಸಿಕೊಡ್ತೀವಿ ಅಂತಷ್ಟೇ ಇದ್ದರೆ ಭಾಗ ಬದಲಿಸಿದರೆ ಸಾಕು, ಇಡೀ ಕಾರಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಒಂದು ಪ್ರಕರಣದಲ್ಲಿ ಹೇಳಿದೆ.

ಉಳಿದದ್ದು ಪ್ರಾಯೋಗಿಕ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತೆ. ಕೊಂಡ ಊರಿಗೇ ಹೋಗಬೇಕಿಲ್ಲ, ನೀವು ವಾಸ ಇರೋ ಅಥವಾ ಕೆಲಸ ಮಾಡೋ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. 10ರಿಂದ 20 ಲಕ್ಷದ ಗಾಡಿಗೆ ಶುಲ್ಕ 400 ರೂಪಾಯಿ, ನಮ್ಮ ಒಂದು ಭಾನುವಾರದ ಬ್ರಂಚ್‌ಗಿಂತ ಕಡಿಮೆ. ನಾನು ಆಯೋಗದ ತನಕ ಹೋಗಲಿಲ್ಲ. ಇಮೇಲಿನಲ್ಲಿ ಕಾಯ್ದೆಯ ಆ ವ್ಯಾಖ್ಯೆ, ಬ್ರೋಶರಿನ ಆ ಪುಟ, ಜಾಬ್ ಕಾರ್ಡಿನ ನನ್ನ ಕೈಬರಹ ಮೂರನ್ನೂ ಲಗತ್ತಿಸಿದ್ದು ಸಾಕಾಯ್ತು.

ಇಲ್ಲಿ ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ದುರ್ಬಳಕೆ ಅನ್ನೋದು ಕಂಪನಿಗಳ ಕಟ್ಟುಕಥೆ ಅಲ್ಲ. ಒಣ ಟಾರು ರಸ್ತೇಲಿ ಫೋರ್ ವೀಲ್ ಹಾಕಿಕೊಂಡೇ ಓಡಾಡೋರು ಇದ್ದಾರೆ. ಸೆಂಟರ್ ಡಿಫರೆನ್ಷಿಯಲ್ ಇಲ್ಲದ ಗಾಡಿಯಲ್ಲಿ ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಓಡಬೇಕು. ಜಾರೋಕೆ ಮಣ್ಣಿಲ್ಲ ಅಂದರೆ ಆ ತಿರುಚುವಿಕೆಯನ್ನೆಲ್ಲ ಶಾಫ್ಟು, ಗೇರುಗಳೇ ನುಂಗಬೇಕು. ಕಂಪನಿ ಕೊಟ್ಟಿದ್ದಕ್ಕಿಂತ ಎರಡು ಸೈಜ್ ದೊಡ್ಡ ಟೈರ್ ಹಾಕಿಸಿ, ರೀಲ್‌ಗೋಸ್ಕರ ಕೆಸರಲ್ಲಿ ಗುಂಡಿ ತೋಡಿ, ಆಮೇಲೆ ಮುಗ್ಧ ಮುಖ ಹೊತ್ತು ಸರ್ವಿಸ್ ಸೆಂಟರಿಗೆ ಬರೋರನ್ನು ಆ ಅಡ್ವೈಸರ್ ದಿನಾ ನೋಡ್ತಾನೆ. ಕ್ಲೇಮನ್ನು ಕಂಪನಿ ತಿರಸ್ಕರಿಸಿದರೆ ಖರ್ಚು ಡೀಲರ್ ತಲೆಗೇ ಬರೋದು. ಹಾಗಾಗಿ ಅವನ ಅನುಮಾನಕ್ಕೆ ಕಾರಣ ಇದೆ. ನನ್ನ ತಕರಾರು ಅನುಮಾನದ ಮೇಲಲ್ಲ, ಅನುಮಾನವನ್ನು ಪರೀಕ್ಷೆಯ ಜಾಗದಲ್ಲಿ ಕೂರಿಸೋದರ ಮೇಲೆ. ಟೈರ್ ಸೈಜ್ ಅಳೆಯಬಹುದು. ಹೌಸಿಂಗ್ ಮೇಲೆ ಕಲ್ಲೇಟು ಇದೆಯಾ ನೋಡಬಹುದು. ಹೋಸ್ ಎಲ್ಲಿದೆ ಅಂತ ಬಗ್ಗಿ ನೋಡೋಕೆ ಎರಡು ನಿಮಿಷ.

ಕೊನೆಗೆ ಕಂಪನಿಯ ಏರಿಯಾ ಎಂಜಿನಿಯರ್ ಬಂದು ಬಗ್ಗಿ ನೋಡಿದರು. ಹೋಸಿನ ಮೇಲ್ತುದಿಯ ಕ್ಲಿಪ್ ಹಿಡಿದಿರಲಿಲ್ಲ. ಹೋಸ್ ಜಾರಿ ಆಕ್ಸಲ್ ಮೇಲೇ ಮಡಚಿಕೊಂಡು ಬಿದ್ದಿತ್ತು, ಮೇಲೆ ಕೆಸರಿನ ಪದರ. ಗಾಡಿಗೆ ನಾನು ಹೊರಗಡೆ ಏನೂ ಕೆಲಸ ಮಾಡಿಸಿರಲಿಲ್ಲ, ಸರ್ವಿಸೆಲ್ಲ ಅವರಲ್ಲೇ ಆದದ್ದು. ಅವರು ಜಾಸ್ತಿ ಮಾತಾಡಲಿಲ್ಲ. ಕ್ರೌನ್-ಪಿನಿಯನ್ ಜೋಡಿ (ಇವನ್ನು ಫ್ಯಾಕ್ಟರಿಯಲ್ಲಿ ಒಂದಕ್ಕೊಂದು ಹೊಂದಿಸಿ ತಿಕ್ಕಿರ್ತಾರೆ, ಒಂದನ್ನೇ ಬದಲಿಸೋ ಹಾಗಿಲ್ಲ), ಬೇರಿಂಗುಗಳು, ಎರಡೂ ಕಡೆ ಸೀಲು, ಹೋಸು, ಕ್ಲಿಪ್ಪು ಎಲ್ಲ ಹೊಸದು ಹಾಕ್ತೀವಿ ಅಂದರು. ಜೋಡಿಸೋವಾಗ ಹಲ್ಲಿಗೆ ಬಣ್ಣ ಹಚ್ಚಿ, ಒಂದು ಇನ್ನೊಂದನ್ನು ಎಲ್ಲಿ ಮುಟ್ಟುತ್ತೆ ಅಂತ ಗುರುತು ನೋಡ್ತಾರೆ. ನಡುವಿನ ಸಡಿಲ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಇರಬೇಕು. ಆ ಕೆಲಸ ಮಾಡಿದ ವಯಸ್ಸಾದ ಮೆಕ್ಯಾನಿಕ್ ಒಬ್ಬರೇ ಇಡೀ ವರ್ಕ್‌ಶಾಪಿನಲ್ಲಿ ನನ್ನ ಎರಡು ಸ್ವರದ ವಿವರಣೆಯನ್ನು ಮತ್ತೊಮ್ಮೆ ಹೇಳಿಸಿ ಕೇಳಿದ್ದು.

ಇಷ್ಟಕ್ಕೇ ಮುಗೀಬೇಕಿತ್ತು. ಬಿಲ್ ಕೊಟ್ಟರು: ಕಟ್ಟಬೇಕಾದ ಮೊತ್ತ ಸೊನ್ನೆ. ಕಾರಣದ ಜಾಗದಲ್ಲಿ ಒಂದೇ ಪದ, ‘ಗುಡ್‌ವಿಲ್’.

ಈ ಪ್ರಕಾರದ ಅತಿ ಚತುರ ಪದ ಇದೇ. ವಾರಂಟಿ ಅನ್ನೋದು ಕರಾರು, ನಾನು ಗಾಡಿಯ ಬೆಲೆಯಲ್ಲೇ ಅದಕ್ಕೂ ದುಡ್ಡು ಕೊಟ್ಟಿದ್ದೇನೆ. ಗುಡ್‌ವಿಲ್ ಅನ್ನೋದು ದಾನ. ಖರ್ಚು ಎರಡರಲ್ಲೂ ಅವರದೇ, ನನ್ನ ಜೇಬಿಗೆ ವ್ಯತ್ಯಾಸ ಇಲ್ಲ. ಹಾಗಾಗಿ ಹತ್ತರಲ್ಲಿ ಒಂಬತ್ತು ಜನ ಥ್ಯಾಂಕ್ಸ್ ಹೇಳಿ ಕೀ ತಗೊಂಡು ಹೊರಡ್ತಾರೆ. ಆದರೆ ದಾನ ಅಂತ ಬರೆದ ಕ್ಷಣಕ್ಕೆ ದೋಷ ಇತ್ತು ಅನ್ನೋ ದಾಖಲೆ ಅಳಿಸಿಹೋಯ್ತು. ನಾಳೆ ಅದೇ ಆಕ್ಸಲ್ ಮತ್ತೆ ಕೂಗಿದರೆ, "ಹೋದ ಸಲ ನಾವೇ ಪಾಪ ಅಂತ ಮಾಡಿಕೊಟ್ವಿ ಮೇಡಂ" ಅನ್ನಬಹುದು. ಅದೇ ಕ್ಲಿಪ್ ಸಡಿಲವಾಗಿ ಬಂದಿರೋ ಇನ್ನೊಂದು ಗಾಡಿಯ ಮಾಲೀಕ ಕೇಳಿದರೆ, ಅಂಥ ದೂರು ನಮ್ಮಲ್ಲಿ ಇಲ್ಲ ಅನ್ನಬಹುದು. ಸಾಫ್ಟ್‌ವೇರಿನಲ್ಲಿ ಇರೋರಿಗೆ ಹೀಗೆ ಹೇಳ್ತೀನಿ: ಬಗ್ ಸರಿಮಾಡಿ, ಟಿಕೆಟ್ಟನ್ನು ಮಾತ್ರ ‘ದೋಷವಲ್ಲ’ ಅಂತ ಮುಚ್ಚೋದು ಇದು.

ನಾನು ಕೀ ತಗೊಳ್ಳಲಿಲ್ಲ. ಬಿಲ್ ತಿದ್ದಿ ಕೊಡಿ ಅಂದೆ. ಮ್ಯಾನೇಜರ್‌ಗೆ ನಿಜಕ್ಕೂ ಆಶ್ಚರ್ಯ. "ಫ್ರೀ ಆಗಿದೆಯಲ್ಲ ಮೇಡಂ, ಇನ್ನೇನು ಪ್ರಾಬ್ಲಮ್?" ಅಂದರು. ಪ್ರಾಬ್ಲಮ್ಮೇ ಫ್ರೀ ಅನ್ನೋದು ಅಂತ ವಿವರಿಸೋಕೆ ಎರಡು ಕಾಫಿ, ಮತ್ತೆರಡು ಇಮೇಲ್, ಒಂಬತ್ತು ದಿನ ಹಿಡೀತು. ಆ ಒಂಬತ್ತು ದಿನ ಮೆಟ್ರೋದಲ್ಲಿ ಓಡಾಡಿದೆ. ತಿದ್ದಿದ ಬಿಲ್ಲಿನಲ್ಲಿ ಈಗ ಹೀಗಿದೆ: ಬ್ರೀದರ್ ಹೋಸ್ ಕ್ಲಿಪ್ ಸಡಿಲ, ಆಕ್ಸಲ್ ಒಳಗೆ ನೀರು, ಭಾಗಗಳ ಬದಲಾವಣೆ, ವಾರಂಟಿ. ಕರ್ತೃ ಈಗಲೂ ಇಲ್ಲ, ಇರಲಿ. ನಾಮಪದಗಳಾದರೂ ಸರಿಯಾಗಿವೆ.

ಪುಸ್ತಿಕೆಯ ಕೊನೆಯ ಪುಟಗಳಲ್ಲಿ ಇನ್ನೊಂದು ಸಾಲಿದೆ. ವಾರಂಟಿಯಲ್ಲಿ ಬದಲಿಸಿದ ಭಾಗಕ್ಕೆ ಹೊಸದಾಗಿ ವಾರಂಟಿ ಶುರುವಾಗಲ್ಲ, ಮೂಲ ವಾರಂಟಿಯಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ. ಇದರ ಬಗ್ಗೆ ನನಗೆ ತಕರಾರಿದೆ, ಆದರೆ ಸಾಲು ಸ್ಪಷ್ಟವಾಗಿದೆ, ಸುತ್ತಿ ಬಳಸಿ ಹೇಳಿಲ್ಲ. ಡಿಸೆಂಬರ್ ಕೊನೆಗೆ ಗಾಡಿ ಕೈಗೆ ಬಂದಾಗ ನನಗೆ ಉಳಿದಿದ್ದು 13 ತಿಂಗಳು. ಅದರಲ್ಲಿ ಮಳೆಗಾಲ ಬರೋದು ಒಂದೇ. ಜುಲೈನಲ್ಲಿ ಚಿಕ್ಕಪ್ಪನ ಮನೆಗೆ ಹೋಗಿ, ಹಳ್ಳ ದಾಟಿ, ವಾಪಸ್ ಬಂದ ವಾರವೇ ಆಯಿಲ್ ಇಳಿಸಿ ನೋಡೋಕೆ ಅಪಾಯಿಂಟ್‌ಮೆಂಟ್ ಈಗಲೇ ಕೇಳಿದ್ದೇನೆ. ಅಷ್ಟು ಮುಂಚೆ ಬುಕಿಂಗ್ ತಗೊಳ್ಳಲ್ಲ ಅಂದಿದ್ದಾರೆ.